ಕರುಳಿನ ನುಲಿತವನ್ನು ಬಿಡಿಸಿದ ಮೂಲಿಕೆಗಳು

ಹೊಟ್ಟೆಯ ನುಲಿತವನ್ನು ಅರಿಯದ ಮನುಷ್ಯನು ಲೋಕದಲ್ಲಿ ವಿರಳ. ತೊಟ್ಟಿಲ ಕೂಸಿನಿಂದ ಮೊದಲ್ಗೊಂಡು ಊರುಗೋಲು ಹಿಡಿದ ವೃದ್ಧರವರೆಗೆ ಎಲ್ಲರೂ ಒಂದಲ್ಲ ಒಂದು ದಿನ ಹೊಟ್ಟೆಯನ್ನು ಹಿಡಿದುಕೊಂಡು ಮುದುಡಿ ಮಲಗಿದವರೇ. ಅಂಥ ಹೊತ್ತಿನಲ್ಲಿ ಮನೆಯ ಹಿರಿಯ ತಾಯಂದಿರು ಮಾಡುತ್ತಿದ್ದ ಉಪಚಾರವು ತಮ್ಮೆಲ್ಲರ ನೆನಪಿನಲ್ಲಿ ಇದ್ದೇ ಇರುತ್ತದೆ. ಒಂದು ಚಿಟಿಕೆ ಓಮ, ಎರಡು ಹರಳು ಉಪ್ಪು. ಇವೆರಡನ್ನೂ ಅಗಿದು ನುಂಗಿ ಮೇಲೆ ಬಿಸಿನೀರು ಕುಡಿಯುವುದು. ಅರ್ಧ ಗಂಟೆಯೊಳಗಾಗಿ ನೋವು ಇಳಿಯುವುದು. ಮಗುವು ಎದ್ದು ಆಡಲು ಹೋಗುವುದು.

ಈ ಲೇಖಕನು ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದ ದಿನಗಳ ಪ್ರಸಂಗವೊಂದನ್ನು ಇಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ಒಂದು ರಾತ್ರಿ ಇಬ್ಬರು ವಿದ್ಯಾರ್ಥಿಗಳಿಗೆ ಏಕಕಾಲದಲ್ಲಿ ಹೊಟ್ಟೆನೋವು ಕಾಣಿಸಿಕೊಂಡಿತು. ಅಡುಗೆಮನೆಯ ಹಿರಿಯರು ಇಬ್ಬರಿಗೂ ಓಮ ಕೊಟ್ಟರು. ಒಬ್ಬನು ನಿದ್ದೆ ಹೋದನು. ಮತ್ತೊಬ್ಬನ ನೋವು ನಡುರಾತ್ರಿಯಾದರೂ ತಗ್ಗಲಿಲ್ಲ. ಹೊಕ್ಕುಳದ ಸುತ್ತಲಿದ್ದ ನೋವು ಬಲಗಡೆಗೆ ಸರಿದು ನಿಂತಿತು. ಆಗ ದೊಡ್ಡ ಹುಡುಗನೊಬ್ಬನು ತನ್ನ ಊರಿನಲ್ಲಿ ಇಂಥ ನೋವಿಗೆ ಉಮ್ಮತ್ತದ ಎಲೆಯ ರಸವನ್ನು ಕೊಡುವರೆಂದೂ, ಹಿತ್ತಲಿನಲ್ಲಿ ಆ ಗಿಡವು ಇದೆಯೆಂದೂ ಹೇಳಿದನು. ಅಡುಗೆಯ ಹಿರಿಯರು ಅವನನ್ನು ಗದರಿಸಿ ಕೂಡಿಸಿದರು. “ಓಮಕ್ಕೆ ಇಳಿಯದ ನೋವಿಗೆ ಗಾಡಿ ಕಟ್ಟಬೇಕು, ತಮ್ಮಾ, ಗಿಡ ಹುಡುಕಬಾರದು” ಎಂದರು. ಗಾಡಿ ಕಟ್ಟಿದರು. ಬೆಳಗಾಗುವಷ್ಟರಲ್ಲಿ ಹುಡುಗನು ಪಟ್ಟಣದ ಆಸ್ಪತ್ರೆಯಲ್ಲಿದ್ದನು. ಅಪೆಂಡಿಕ್ಸ್ ಎಂದು ವೈದ್ಯರು ಕರೆಯುವ ಕರುಳಿನ ಬಾಲವು ಬಾತು ಒಡೆಯುವ ಹಂತಕ್ಕೆ ಬಂದಿತ್ತು. ಶಸ್ತ್ರಕ್ರಿಯೆಯಿಂದ ಅವನು ಬದುಕಿಕೊಂಡನು.

ಆ ರಾತ್ರಿಯ ಮೂರು ಪ್ರಶ್ನೆಗಳು ಬಹುಕಾಲ ನನ್ನನ್ನು ಬಿಡಲಿಲ್ಲ. ಓಮವು ಮೊದಲನೆಯವನ ನೋವನ್ನು ಹೇಗೆ ಇಳಿಸಿತು? ಹಿರಿಯರು ಅಷ್ಟೊಂದು ಅಂಜಿದ ಉಮ್ಮತ್ತದ ಕುಲಕ್ಕೆ ಸೇರಿದ ಔಷಧಿಯನ್ನೇ ಆಸ್ಪತ್ರೆಗಳಲ್ಲಿ ಹೊಟ್ಟೆನೋವಿಗೆ ಕೊಡುವುದು ಏಕೆ? ಎರಡನೆಯವನಿಗೆ ಇವೆರಡೂ ಸಲ್ಲದಾದುದು ಯಾವ ಕಾರಣದಿಂದ? ಈ ಪ್ರಶ್ನೆಗಳಿಗೆ ಉತ್ತರವು ಕರುಳಿನ ಸ್ನಾಯುವನ್ನು ಸಡಿಲಿಸುವ ಮೂಲಿಕೆಗಳ ಇತಿಹಾಸದಲ್ಲಿದೆ. ಆ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಕರುಳಿನ ರಚನೆಯನ್ನು ಕುರಿತು ಎರಡು ಮಾತು. ನಮ್ಮ ಸಣ್ಣ ಕರುಳು ಸುಮಾರು 6 ಮೀಟರು ಉದ್ದವಿರುವ ಒಂದು ನಳಿಗೆ. ಅದರ ಗೋಡೆಯಲ್ಲಿ ಸ್ನಾಯುಗಳ ಎರಡು ಪದರಗಳಿವೆ. ಒಳಗಿನದು ಬಳೆಯಂತೆ ಸುತ್ತುವರಿದಿದೆ. ಹೊರಗಿನದು ಉದ್ದಕ್ಕೆ ಹಬ್ಬಿದೆ. ಕೈಕಾಲುಗಳ ಸ್ನಾಯುಗಳಂತೆ ಇವು ನಮ್ಮ ಇಚ್ಛೆಗೆ ಒಳಪಟ್ಟವಲ್ಲ. ನಾವು ನಿದ್ರಿಸುವಾಗಲೂ ಇವು ತಮ್ಮ ಕಾಯಕವನ್ನು ಬಿಡುವುದಿಲ್ಲ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಶಾರೀರಶಾಸ್ತ್ರಜ್ಞರು ಕರುಳಿನ ನಿಯಮವನ್ನು ವಿಶದಪಡಿಸಿದರು. ಅನ್ನದ ತುತ್ತು ಇರುವ ಎಡೆಯ ಹಿಂಭಾಗವು ಸಂಕೋಚಗೊಳ್ಳುತ್ತದೆ, ಮುಂಭಾಗವು ಸಡಿಲಗೊಳ್ಳುತ್ತದೆ. ಹೀಗೆ ತುತ್ತು ಮುಂದಕ್ಕೆ ಸಾಗುತ್ತದೆ. ಬಿಗಿಯುವುದು ಎಷ್ಟು ಅವಶ್ಯವೋ ಸಡಿಲಾಗುವುದೂ ಅಷ್ಟೇ ಅವಶ್ಯ. ಬಿಗಿದ ಸ್ನಾಯುವು ಸಡಿಲಾಗುವುದನ್ನು ಮರೆತು ನಿಂತರೆ ಅದೇ ನುಲಿತ, ಅದೇ ಶೂಲೆ.

ಶೂಲೆಯನ್ನು ನಮ್ಮ ಪ್ರಾಚೀನ ವೈದ್ಯರು ಪ್ರತ್ಯೇಕವಾಗಿ ಗುರುತಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 4ನೆಯ ಅಧ್ಯಾಯದಲ್ಲಿ ಔಷಧದ್ರವ್ಯಗಳನ್ನು ಹತ್ತು ಹತ್ತರಂತೆ 50 ಗಣಗಳಾಗಿ ವಿಂಗಡಿಸಲಾಗಿದೆ. ಅವುಗಳಲ್ಲೊಂದು ಗಣದ ಹೆಸರು ಶೂಲಪ್ರಶಮನ. ಹಿಪ್ಪಲಿ, ಹಿಪ್ಪಲಿಯ ಬೇರು, ಚವ್ಯ, ಚಿತ್ರಮೂಲ, ಶುಂಠಿ, ಮೆಣಸು, ಅಜಮೋದ, ಅಜಗಂಧ, ಜೀರಿಗೆ, ಗಂಡೀರ ಎಂಬ ಹತ್ತು ದ್ರವ್ಯಗಳು ಇದರಲ್ಲಿ ಸೇರಿವೆ. ಇವುಗಳಲ್ಲಿ ಹಲವು ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿಯೇ ಇರುವುದನ್ನು ತಾವು ಲಕ್ಷಿಸಬೇಕು. ಗಿಡದ ಆಕಾರದಿಂದಾಗಲಿ ಹೂವಿನ ಬಣ್ಣದಿಂದಾಗಲಿ ವಿಂಗಡಿಸದೆ, ದೇಹದ ಮೇಲೆ ಆ ದ್ರವ್ಯವು ಮಾಡುವ ಕಾರ್ಯವನ್ನು ಹಿಡಿದು ವಿಂಗಡಿಸಿದ ಈ ಕ್ರಮವು ಇಂದಿನ ಔಷಧಶಾಸ್ತ್ರದ ಕ್ರಮಕ್ಕೆ ಬಹು ಸಮೀಪವಾಗಿದೆ. ಆದರೆ ಗಿಡದ ಒಳಗಿರುವ ಯಾವ ಅಂಶವು ಆ ಕಾರ್ಯವನ್ನು ಮಾಡುತ್ತದೆಂಬುದನ್ನು ಬೇರ್ಪಡಿಸಿ ನೋಡುವ ಸಾಧನವು ಆ ಕಾಲಕ್ಕೆ ಎಲ್ಲಿಯೂ ಇರಲಿಲ್ಲ.

ಇನ್ನು ಓಮ ಎಂಬ ಹೆಸರಿನಲ್ಲಿಯೇ ಇರುವ ಒಂದು ಎಡವಟ್ಟನ್ನು ಇಲ್ಲಿ ಸೂಚಿಸುವುದು ಉಚಿತ. ಓಮಕ್ಕೆ ಹಿಂದಿಯಲ್ಲಿ ಅಜವಾನ ಎನ್ನುವರು. ಗಂದಿಗೆ ಅಂಗಡಿಗಳಲ್ಲಿ ಖುರಾಸಾನಿ ಅಜವಾನ ಎಂಬ ಮತ್ತೊಂದು ಬೀಜವೂ ದೊರೆಯುತ್ತದೆ. ಹೆಸರಿನಲ್ಲಿ ಇವೆರಡೂ ಒಡಹುಟ್ಟಿದವರಂತೆ ತೋರಿದರೂ ಕುಲವು ಬೇರೆ ಬೇರೆ. ಮೊದಲನೆಯದು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ ಸೌಮ್ಯವಾದ ಸಾಂಬಾರ ಪದಾರ್ಥ. ಎರಡನೆಯದು ಹಯೊಸಯಾಮಸ್ ಎಂಬ ವಿಷಗಿಡದ ಬೀಜ. ಬದನೆ, ಉಮ್ಮತ್ತಗಳ ಕುಟುಂಬಕ್ಕೆ ಸೇರಿದುದು. ಎರಡೂ ಕರುಳನ್ನು ಸಡಿಲಿಸುತ್ತವೆ. ಆದರೆ ಒಂದನ್ನು ಮಗುವಿಗೂ ಕೊಡಬಹುದು. ಮತ್ತೊಂದು ತುಸು ಹೆಚ್ಚಾದರೆ ಮನುಷ್ಯನ ಬುದ್ಧಿಯನ್ನೂ ಪ್ರಾಣವನ್ನೂ ತೆಗೆಯಬಲ್ಲುದು. ನಮ್ಮ ಇತಿಹಾಸದ ಮುಂದಿನ ಭಾಗವು ಈ ಎರಡನೆಯ ಕುಟುಂಬದ್ದೇ ಆಗಿದೆ.

ಯೂರೋಪಿನಲ್ಲಿ ಈ ಕುಟುಂಬದ ಪ್ರಸಿದ್ಧ ಸಸ್ಯವು ಬೆಲ್ಲಡೋನ. ಇಟಲಿಯ ಭಾಷೆಯಲ್ಲಿ ಆ ಹೆಸರಿಗೆ ಸುಂದರಿ ಎಂದರ್ಥ. ಅದರ ರಸವನ್ನು ಕಣ್ಣಿಗೆ ಬಿಟ್ಟರೆ ಕಣ್ಣಪಾಪೆಯು ಅರಳಿ ಹೊಳೆಯುವುದರಿಂದ ಅಲ್ಲಿನ ಸ್ತ್ರೀಯರು ಅದನ್ನು ಶೃಂಗಾರಕ್ಕಾಗಿ ಬಳಸುತ್ತಿದ್ದರೆಂದು ಹೇಳುವರು. 1753ರಲ್ಲಿ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸನು ಆ ಗಿಡಕ್ಕೆ ಅಟ್ರೋಪ ಬೆಲ್ಲಡೋನ ಎಂದು ಜೋಡು ಹೆಸರನ್ನಿಟ್ಟನು. ಅಟ್ರೋಪಾಸ್ ಎಂಬವಳು ಗ್ರೀಕರ ಪುರಾಣದಲ್ಲಿ ಮಾನವರ ಆಯುಷ್ಯದ ದಾರವನ್ನು ಕತ್ತರಿಸುವ ದೇವತೆ. ಹೀಗೆ ಒಂದೇ ಗಿಡದ ಹೆಸರಿನಲ್ಲಿ ಚೆಲುವು ಮತ್ತು ಸಾವು ಎರಡೂ ಸೇರಿಕೊಂಡವು. ವೈದ್ಯರು ಅದರ ಸಾರವನ್ನು ಹೊಟ್ಟೆಶೂಲೆಗೆ ಕೊಡುತ್ತಿದ್ದರು. ಆದರೆ ಪ್ರತಿಸಲವೂ ಕೈ ನಡುಗುತ್ತಿತ್ತು. ಒಂದು ಗಿಡದಲ್ಲಿದ್ದಷ್ಟು ಬಲವು ಮತ್ತೊಂದರಲ್ಲಿ ಇರುವುದಿಲ್ಲ. ಎಲೆಗೊಂದು, ಬೇರಿಗೊಂದು, ಬೀಜಕ್ಕೊಂದು ಬಲ. ಋತುವಿನೊಡನೆ ಅದೂ ಬದಲಾಗುತ್ತದೆ. ನಿನ್ನೆ ಔಷಧವಾದ ಅಳತೆಯು ಇಂದು ವಿಷವಾದೀತು.

ನಮ್ಮ ಉಮ್ಮತ್ತದ ಕಥೆಯೂ ಇದೇ. ಮದ್ದುಗುಣಿಕೆ ಎಂದೂ ದತ್ತೂರ ಎಂದೂ ಕರೆಯುವ ಈ ಗಿಡವನ್ನು ಆಯುರ್ವೇದವು ಉಪವಿಷಗಳಲ್ಲಿ ಎಣಿಸಿದೆ. ಶುದ್ಧಿಗೊಳಿಸದೆ ಬಳಸಕೂಡದೆಂದು ವಿಧಿಸಿದೆ. 19ನೆಯ ಶತಮಾನದ ಭಾರತದಲ್ಲಿ ದಾರಿಗಳ್ಳರು ಪ್ರಯಾಣಿಕರ ಊಟದಲ್ಲಿ ಉಮ್ಮತ್ತದ ಬೀಜವನ್ನು ಬೆರೆಸಿ, ಅವರು ಮೈಮರೆತಾಗ ಸುಲಿಗೆ ಮಾಡುತ್ತಿದ್ದರು. 1856ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾದ ನಾರ್ಮನ್ ಚೀವರ್ಸನ ನ್ಯಾಯವೈದ್ಯಕೀಯ ಗ್ರಂಥದಲ್ಲಿ ಈ ವಿಷಪ್ರಯೋಗವು ವಿಸ್ತಾರವಾಗಿ ನಿರೂಪಿತವಾಗಿದೆ. ನಮ್ಮ ನಿಲಯದ ಹಿರಿಯರು ಆ ಗ್ರಂಥವನ್ನು ಓದಿದವರಲ್ಲ. ಆದರೂ ಅದರ ಸಾರವನ್ನು ಬಲ್ಲವರಾಗಿದ್ದರು.

ಗಿಡದ ಈ ಅನಿಶ್ಚಯವನ್ನು ನೀಗಿದವರು ರಸಾಯನಶಾಸ್ತ್ರಜ್ಞರು. 1831ರಲ್ಲಿ ಮೈನ್ ಎಂಬ ಜರ್ಮನ್ ಔಷಧ ವ್ಯಾಪಾರಿಯು ಬೆಲ್ಲಡೋನದ ಬೇರಿನಿಂದ ಅದರ ಸತ್ವವನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದನು. 1833ರಲ್ಲಿ ಗೈಗರ್ ಮತ್ತು ಹೆಸ್ಸೆ ಎಂಬವರೂ ಸ್ವತಂತ್ರವಾಗಿ ಅದೇ ಸಾಧನೆಯನ್ನು ಪ್ರಕಟಿಸಿದರು. ಖುರಾಸಾನಿ ಅಜವಾನದ ಗಿಡದಿಂದ ಹಯೊಸಯಮಿನ್ ಎಂಬ ಸತ್ವವನ್ನೂ ತೆಗೆದರು. ಬೆಲ್ಲಡೋನದ ಸತ್ವಕ್ಕೆ ಅಟ್ರೋಪಿನ್ ಎಂಬ ಹೆಸರು ನಿಂತಿತು. ಈಗ ವೈದ್ಯನು ಎಲೆಯನ್ನು ತೂಗಬೇಕಾಗಿರಲಿಲ್ಲ, ಸತ್ವವನ್ನೇ ತೂಗಬಹುದಾಗಿತ್ತು. ಅದರ ಸಾಮಾನ್ಯ ಪ್ರಮಾಣವು ಒಂದು ಮಿಲಿಗ್ರಾಮಿಗೂ ಕಡಮೆ, ಅಂದರೆ ಗ್ರಾಮಿನ ಸಾವಿರದಲ್ಲಿ ಒಂದು ಪಾಲಿಗೂ ಕಡಮೆ ಎಂಬುದನ್ನು ನೆನೆದರೆ, ಎಲೆಯ ರಸವನ್ನು ಬಟ್ಟಲಿನಲ್ಲಿ ಹಿಂಡಿ ಕುಡಿಸುವವರ ಸಾಹಸವು ಎಂಥದೆಂಬುದು ತಮಗೆ ವೇದ್ಯವಾದೀತು.

ಈ ನಡುವೆ ಮತ್ತೊಂದು ಗಿಡದಿಂದಲೂ ಕರುಳಿನ ಔಷಧಿಯೊಂದು ಹೊರಬಂದಿತು. ಅದು ಗಸಗಸೆಯ ಗಿಡ. ಅದರ ಕಾಯಿಯ ಹಾಲೇ ಅಫೀಮು. ಅಫೀಮಿನ ಮುಖ್ಯ ಸತ್ವವಾದ ಮಾರ್ಫಿನ್ ಜಗತ್ತಿಗೆಲ್ಲ ಪರಿಚಿತವಾದುದು. 1848ರಲ್ಲಿ ಡಾರ್ಮ್‌ಸ್ಟಾಟ್ ನಗರದ ಔಷಧ ತಯಾರಕರ ಮನೆತನಕ್ಕೆ ಸೇರಿದ ಗೇಯೋರ್ಗ್ ಮೆರ್ಕ್ ಎಂಬ ತರುಣನು ಅದೇ ಅಫೀಮಿನಲ್ಲಿ ಪಾಪಾವೆರಿನ್ ಎಂಬ ಬೇರೊಂದು ಸತ್ವವನ್ನು ಕಂಡುಹಿಡಿದನು. ಅದು ಮತ್ತನ್ನೂ ಬರಿಸಲಿಲ್ಲ, ನಿದ್ದೆಯನ್ನೂ ತರಲಿಲ್ಲ. ಆದಕಾರಣ ಯಾವ ಉಪಯೋಗಕ್ಕೂ ಬಾರದ ವಸ್ತುವೆಂದು 60 ವರ್ಷಗಳಿಗೂ ಹೆಚ್ಚು ಕಾಲ ಅದು ಸೀಸೆಗಳಲ್ಲಿಯೇ ಉಳಿಯಿತು.

ಅದರ ಗುಣವು ಹೊರಬೀಳಬೇಕಾದರೆ ಕರುಳನ್ನು ದೇಹದಿಂದ ಹೊರಗಿಟ್ಟು ನೋಡುವ ಉಪಾಯವೊಂದು ಬೇಕಾಗಿತ್ತು. ಆ ಉಪಾಯವನ್ನು 1904ರಲ್ಲಿ ಹೈಡೆಲ್‌ಬರ್ಗಿನ ರುಡೋಲ್ಫ್ ಮಾಗ್ನುಸ್ ಒದಗಿಸಿದನು. ಪ್ರಾಣಿಯ ಸಣ್ಣ ಕರುಳಿನ ಚಿಕ್ಕ ತುಂಡನ್ನು ದೇಹದ ಉಷ್ಣತೆಯಷ್ಟೇ ಬೆಚ್ಚಗಿನ ಲವಣದ್ರಾವಣದಲ್ಲಿ ಇಟ್ಟು ಪ್ರಾಣವಾಯುವನ್ನು ಹಾಯಿಸಿದರೆ ಅದು ಗಂಟೆಗಟ್ಟಲೆ ತಾನಾಗಿಯೇ ಮಿಡಿಯುತ್ತಿರುತ್ತದೆ. ತುಂಡಿನ ಒಂದು ತುದಿಗೆ ದಾರ ಕಟ್ಟಿ ಸನ್ನೆಗೋಲಿಗೆ ಜೋಡಿಸಿದರೆ, ತಿರುಗುವ ಮಸಿಕಾಗದದ ಮೇಲೆ ಆ ಮಿಡಿತವು ಅಲೆಯಲೆಯಾಗಿ ಬರೆದುಕೊಳ್ಳುತ್ತದೆ. ದ್ರಾವಣಕ್ಕೆ ಔಷಧಿಯ ಒಂದು ಹನಿಯನ್ನು ಬಿಟ್ಟರೆ ಬಿಗಿತವೋ ಸಡಿಲವೋ ಎಂಬುದನ್ನು ಕಣ್ಣಾರೆ ಕಾಣಬಹುದು. ಅಲ್ಲಿಯವರೆಗೆ ರೋಗಿಯ ನರಳಾಟದಿಂದ ಊಹಿಸುತ್ತಿದ್ದುದನ್ನು ಇನ್ನು ಮುಂದೆ ಅಳೆಯಲು ಸಾಧ್ಯವಾಯಿತು. ಮುಂದಿನ ಹಲವು ದಶಕಗಳವರೆಗೆ ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಲ್ಲಿಯೂ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡಿಯೇ ಔಷಧಶಾಸ್ತ್ರವನ್ನು ಕಲಿತರು.

1910ರ ದಶಕದಲ್ಲಿ ವಿಯೆನ್ನಾದ ಯಾಕೋಬ್ ಪಾಲ್, ಆ ಬಳಿಕ ಅಮೆರಿಕೆಯ ಬಾಲ್ಟಿಮೋರಿನ ಡೇವಿಡ್ ಮಾಕ್ಟ್ ಇವರು ಪಾಪಾವೆರಿನ್ನಿನ ನಿಜಗುಣವನ್ನು ತೋರಿಸಿಕೊಟ್ಟರು. ಅಫೀಮಿನ ಒಡಲಲ್ಲಿ ಎರಡು ವಿರುದ್ಧ ಸ್ವಭಾವಗಳು ಕೂಡಿಕೊಂಡಿದ್ದವು. ಮಾರ್ಫಿನ್ ನೋವಿನ ಅರಿವನ್ನು ಅಡಗಿಸುತ್ತದೆ; ಆದರೆ ಕರುಳಿನ ಸ್ನಾಯುವನ್ನು ಬಿಗಿಗೊಳಿಸಿ ಅದರ ಮುನ್ನಡೆಯನ್ನು ತಡೆಯುತ್ತದೆ. ಪಾಪಾವೆರಿನ್ ನೋವಿನ ಅರಿವಿಗೆ ಏನನ್ನೂ ಮಾಡದು. ಆದರೆ ಬಿಗಿದ ಸ್ನಾಯುವನ್ನು ನೇರವಾಗಿ ಸಡಿಲಿಸುತ್ತದೆ. ಒಂದು ನೋವನ್ನು ಮರೆಸುವುದು, ಇನ್ನೊಂದು ನೋವಿನ ಕಾರಣಗಳಲ್ಲಿ ಒಂದನ್ನು ಬಿಡಿಸುವುದು. ಈ ಭೇದವನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಹಾಗಾದರೆ ಅಟ್ರೋಪಿನ್ ಕೆಲಸ ಮಾಡುವುದು ಹೇಗೆ? ಇದಕ್ಕೆ ಉತ್ತರವು ಕರುಳಿನಿಂದಲ್ಲ, ಕಪ್ಪೆಯ ಹೃದಯದಿಂದ ದೊರೆಯಿತು. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಓಟೋ ಲೋಯಿವಿ ಎಂಬ ವಿಜ್ಞಾನಿಯು ಒಂದು ಕಪ್ಪೆಯ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಕೆರಳಿಸಿದನು. ಹೃದಯದ ಬಡಿತವು ನಿಧಾನವಾಯಿತು. ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ನರದ ಸಂಬಂಧವೇ ಇಲ್ಲದ ಬೇರೊಂದು ಹೃದಯಕ್ಕೆ ಹರಿಸಲಾಗಿ, ಅದೂ ನಿಧಾನವಾಯಿತು. ನರವು ತನ್ನ ಆಜ್ಞೆಯನ್ನು ಒಂದು ರಾಸಾಯನಿಕ ವಸ್ತುವಿನ ಮೂಲಕ ಕಳುಹಿಸುತ್ತದೆಂಬುದು ಇದರಿಂದ ಸಿದ್ಧವಾಯಿತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಅದರ ಪರಿಣಾಮಗಳನ್ನು ಇಂಗ್ಲೆಂಡಿನ ಹೆನ್ರಿ ಡೇಲ್ 1914ರಲ್ಲಿಯೇ ವಿವರಿಸಿದ್ದನು. 1936ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವೇಗಸ್ ನರದ ಶಾಖೆಗಳು ಕರುಳಿಗೂ ಹೋಗುತ್ತವೆ. ಹೃದಯವನ್ನು ನಿಧಾನಗೊಳಿಸುವ ಅಸಿಟೈಲ್‌ಕೋಲಿನ್ ಕರುಳಿಗೆ ಮಾತ್ರ ಬಿಗಿಯೆಂದು ಆಜ್ಞಾಪಿಸುತ್ತದೆ. ಅಟ್ರೋಪಿನ್ ಈ ದೂತನನ್ನು ಕೊಲ್ಲುವುದಿಲ್ಲ; ದೂತನು ಬಂದು ಕೂಡಬೇಕಾದ ಗದ್ದುಗೆಯಲ್ಲಿ ತಾನು ಮೊದಲೇ ಕುಳಿತುಬಿಡುತ್ತದೆ. ಆಜ್ಞೆಯು ತಲಪುವುದಿಲ್ಲ, ಕರುಳು ಸಡಿಲವಾಗುತ್ತದೆ.

ಆದರೆ ಈ ದೂತನ ಗದ್ದುಗೆಗಳು ಕರುಳಿನಲ್ಲಿ ಮಾತ್ರ ಇಲ್ಲ. ಜೊಲ್ಲಿನ ಗ್ರಂಥಿ, ಕಣ್ಣಪಾಪೆ, ಹೃದಯ, ಮೂತ್ರಕೋಶ, ಮಿದುಳು ಎಲ್ಲೆಡೆಯೂ ಇವೆ. ಆದುದರಿಂದ ಅಟ್ರೋಪಿನ್ ಹೆಚ್ಚಾದಾಗ ಬಾಯಿ ಒಣಗುವುದು, ಕಣ್ಣು ಮಬ್ಬಾಗುವುದು, ಎದೆ ಬಡಿದುಕೊಳ್ಳುವುದು, ಮೂತ್ರ ಕಟ್ಟುವುದು, ಮತಿಭ್ರಮೆಯಾಗುವುದು. ದಾರಿಗಳ್ಳರು ಉಪಯೋಗಿಸಿಕೊಂಡುದು ಈ ಕೊನೆಯ ಗುಣವನ್ನೇ. ಔಷಧವೂ ವಿಷವೂ ಎರಡು ವಸ್ತುಗಳಲ್ಲ. ಒಂದೇ ವಸ್ತುವಿನ ಎರಡು ಪ್ರಮಾಣಗಳು.

ಈ ದೋಷವನ್ನು ಕಳೆಯುವ ಪ್ರಯತ್ನಗಳು ವಿಚಿತ್ರವಾದ ಫಲಗಳನ್ನು ಕೊಟ್ಟವು. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಐಸ್ಲೆಬ್ ಎಂಬ ರಸಾಯನಜ್ಞನು ಅಟ್ರೋಪಿನ್ನಿನಂತೆ ಸ್ನಾಯುವನ್ನು ಸಡಿಲಿಸುವ ಕೃತಕ ವಸ್ತುಗಳನ್ನು ತಯಾರಿಸುತ್ತಿದ್ದನು. ಅವುಗಳಲ್ಲೊಂದನ್ನು ಶೌಮನ್ ಎಂಬವನು ಇಲಿಗಳಿಗೆ ಕೊಟ್ಟು ನೋಡಲು ಅವುಗಳ ಬಾಲವು ನಿಮಿರಿ ನಿಂತಿತು. ಇದು ಮಾರ್ಫಿನ್ ಕೊಟ್ಟಾಗ ಕಾಣುವ ಲಕ್ಷಣ. ಕರುಳಿನ ಔಷಧಿಯನ್ನು ಹುಡುಕಹೊರಟವರಿಗೆ ಪೆಥಿಡಿನ್ ಎಂಬ ಪ್ರಬಲ ನೋವುಶಾಮಕವು ದೊರೆತಿತ್ತು. ಮುಂದೆ ಅದು ಜಗತ್ತಿನಾದ್ಯಂತ ಹೆರಿಗೆಯ ಕೋಣೆಗಳಲ್ಲಿ ಬಳಕೆಗೆ ಬಂದಿತು.

ಹುಡುಕಿದ್ದು ದೊರೆತುದು 1951ರಲ್ಲಿ. ಉಮ್ಮತ್ತದ ಕುಟುಂಬದಲ್ಲಿಯೇ ಹಯೊಸಿನ್ ಎಂಬ ಮತ್ತೊಂದು ಸತ್ವವಿದೆ. ಆಸ್ಟ್ರೇಲಿಯಾದ ಪೂರ್ವಭಾಗದಲ್ಲಿ ಸಹಜವಾಗಿ ಬೆಳೆಯುವ ಡುಬೊಯಿಸಿಯಾ ಎಂಬ ಮರದ ಎಲೆಗಳಲ್ಲಿ ಅದು ಹೇರಳವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಕಡಲಯಾನದ ವಾಂತಿಯನ್ನು ತಡೆಯಲು ಈ ಎಲೆಗಳಿಗೆ ಬೇಡಿಕೆ ಬಂದಿತ್ತು. ಜರ್ಮನಿಯ ಇಂಗೆಲ್‌ಹೈಮ್ ಎಂಬ ಊರಿನ ಔಷಧ ಸಂಸ್ಥೆಯ ವಿಜ್ಞಾನಿಗಳು ಈ ಹಯೊಸಿನ್ನಿನ ಅಣುವಿಗೆ ಬ್ಯುಟೈಲ್ ಎಂಬ ಚಿಕ್ಕ ಸರಪಳಿಯೊಂದನ್ನು ಜೋಡಿಸಿದರು. ಹೀಗೆ ಮಾಡಲಾಗಿ ಅಣುವು ವಿದ್ಯುದಂಶವನ್ನು ಹೊತ್ತು ನಿಂತಿತು. ಮಿದುಳಿಗೆ ಹೋಗುವ ಬಾಗಿಲು ಅದಕ್ಕೆ ಮುಚ್ಚಿತು. ನುಂಗಿದ ಮಾತ್ರೆಯ ಅತ್ಯಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದುದು ಕರುಳಿನಲ್ಲಿಯೇ ಇದ್ದು ಅಲ್ಲಿಯ ಕೆಲಸವನ್ನು ಮಾಡುತ್ತದೆ. ಬುಸ್ಕೋಪಾನ್ ಎಂಬ ಹೆಸರಿನಿಂದ ತಾವು ಔಷಧದ ಅಂಗಡಿಗಳಲ್ಲಿ ಕಾಣುವ ಮಾತ್ರೆಯೇ ಇದು. ಉಮ್ಮತ್ತದ ಸತ್ವವು ಮಾನವನ ಬುದ್ಧಿಯನ್ನು ಮುಟ್ಟದಂತೆ ಕಟ್ಟುಪಾಡಿಗೆ ಒಳಗಾದುದು ಹೀಗೆ. ನಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ. ಹಿತ್ತಲಿನ ಗಿಡವು ಅಳತೆಯಿಲ್ಲದುದು. ಆಸ್ಪತ್ರೆಯ ಔಷಧವು ಅಳತೆಗೂ ಎಲ್ಲೆಗೂ ಒಳಪಟ್ಟದ್ದು.

ಪಾಪಾವೆರಿನ್ನಿನ ಸಂತತಿಯೂ ಬೆಳೆಯಿತು. 1960ರ ದಶಕದ ಆರಂಭದಲ್ಲಿ ಹಂಗೇರಿ ದೇಶದಲ್ಲಿ ಅದರ ರಚನೆಯನ್ನೇ ಅನುಸರಿಸಿ ಡ್ರೋಟವೆರಿನ್ ಎಂಬ ಔಷಧಿಯು ಸಿದ್ಧವಾಯಿತು; ಅದು ಇಂದು ಭಾರತದಲ್ಲಿಯೂ ವೈದ್ಯರು ಶೂಲೆಗೆ ಬರೆದುಕೊಡುವ ಮಾತ್ರೆಯಾಗಿದೆ. ಅದೇ ದಶಕದಲ್ಲಿ ಜರ್ಮನಿಯಲ್ಲಿ ಪಾಪಾವೆರಿನ್ನಿನ ಮಾದರಿಯಿಂದಲೇ ವೆರಾಪಮಿಲ್ ಎಂಬ ಹೃದಯದ ಔಷಧಿಯು ಹುಟ್ಟಿತು. ಸ್ನಾಯುವು ಬಿಗಿಯಬೇಕಾದರೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಅದರ ಕೋಶದೊಳಕ್ಕೆ ಪ್ರವೇಶಿಸಬೇಕು. ಆ ಪ್ರವೇಶವನ್ನು ತಡೆದರೆ ಬಿಗಿತವು ಕಳೆಯುತ್ತದೆ ಎಂಬ ತತ್ವವು ಫ್ರೈಬುರ್ಗಿನ ಫ್ಲೆಕೆನ್‌ಸ್ಟೈನ್ ಎಂಬ ವಿಜ್ಞಾನಿಯ ಅಧ್ಯಯನಗಳಿಂದ ಸ್ಪಷ್ಟಗೊಂಡಿತು.

ಈ ತತ್ವವೇ ನಮ್ಮನ್ನು ಮರಳಿ ಅಡುಗೆಮನೆಗೆ ಕರೆತರುತ್ತದೆ. 1979ರಲ್ಲಿ ಬ್ರಿಟನ್ನಿನ ವೈದ್ಯರು ಪೆಪ್ಪರ್‌ಮಿಂಟ್ ಎಣ್ಣೆಯನ್ನು ಕರುಳಿನಲ್ಲಿಯೇ ಕರಗುವ ಗುಳಿಗೆಗಳಲ್ಲಿ ತುಂಬಿ, ಕೆರಳುಗರುಳಿನ ರೋಗಿಗಳಿಗೆ ಕೊಟ್ಟು ಗುಣ ಕಂಡರು. ಅದರಲ್ಲಿರುವ ಮೆಂಥಾಲ್ ಕ್ಯಾಲ್ಸಿಯಂ ಪ್ರವೇಶಕ್ಕೆ ಅಡ್ಡ ನಿಲ್ಲುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. 2005ರಲ್ಲಿ ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಓಮದ ಬೀಜದ ಸಾರವನ್ನೇ ಪರೀಕ್ಷೆಗೆ ಒಳಪಡಿಸಿದರು. ಮಾಗ್ನುಸನ ಕ್ರಮದಲ್ಲಿ ಮಿಡಿಯುತ್ತಿದ್ದ ಮೊಲದ ಕರುಳಿನ ತುಂಡು ಓಮದ ಸಾರದಿಂದ ಸಡಿಲವಾಯಿತು. ಅದಕ್ಕೆ ಕಾರಣವೂ ಕ್ಯಾಲ್ಸಿಯಮ್ಮಿನ ತಡೆಯೇ ಎಂದು ಅವರು ಕಂಡರು. ನಮ್ಮ ಮೊದಲನೆಯ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಮೊಲದ ಕರುಳಿನಲ್ಲಿ ಕಂಡುದೆಲ್ಲವೂ ಮನುಷ್ಯನಲ್ಲಿ ಅಷ್ಟೇ ಪ್ರಮಾಣದಲ್ಲಿ ನಡೆಯುವುದೆಂದು ಹೇಳಲಾಗದು. ಆದರೂ ತಾಯಂದಿರ ಅನುಭವಕ್ಕೆ ಆಧಾರವಿತ್ತು ಎಂಬ ಮಾತನ್ನು ಇನ್ನು ಯಾರೂ ತಳ್ಳಿಹಾಕುವಂತಿಲ್ಲ.

ಕರ್ನಾಟಕದ ಮಣ್ಣಿಗೆ ಸಂಬಂಧಿಸಿದ ಒಂದು ಉದಾಹರಣೆಯನ್ನು ಕೊಟ್ಟು ಈ ಭಾಗವನ್ನು ಮುಗಿಸುವೆನು. ಮಾಕಂದಿ ಬೇರು ಎಂಬ ಗಿಡವನ್ನು ತಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಗುಜರಾತಿನಲ್ಲಿ ಅದರ ಗೆಡ್ಡೆಯ ಬೇರನ್ನು ಉಪ್ಪಿನಕಾಯಿ ಹಾಕಿ ತಿನ್ನುವರು. ನಮ್ಮ ನಾಡಿನಲ್ಲಿಯೂ ಅದರ ಬೇಸಾಯವಿದೆ. 1974ರಲ್ಲಿ ಲಖನೌ ನಗರದ ಕೇಂದ್ರೀಯ ಔಷಧ ಸಂಶೋಧನಾಲಯದವರು ಭಾರತದ ಮೂಲಿಕೆಗಳನ್ನು ಸಾಲುಸಾಲಾಗಿ ಪರೀಕ್ಷಿಸುತ್ತಿರುವಾಗ, ಈ ಬೇರಿನಲ್ಲಿ ರಕ್ತದೊತ್ತಡವನ್ನು ಇಳಿಸುವ ಮತ್ತು ಸ್ನಾಯುವಿನ ನುಲಿತವನ್ನು ಬಿಡಿಸುವ ಸತ್ವವೊಂದನ್ನು ಕಂಡರು. ಮುಂಬಯಿಯಲ್ಲಿದ್ದ ಹೆಕ್ಸ್ಟ್ ಸಂಸ್ಥೆಯ ಸಂಶೋಧಕರೂ ಇದೇ ಬೇರಿನ ಮೇಲೆ ಕೆಲಸ ಮಾಡುತ್ತಿದ್ದರು. ಆ ಸತ್ವಕ್ಕೆ ಫೋರ್ಸ್ಕೋಲಿನ್ ಎಂಬ ಹೆಸರು ನಿಂತಿತು. ಸ್ನಾಯುಕೋಶದೊಳಗೆ ಸಡಿಲಿಕೆಯ ಸಂದೇಶವನ್ನು ಹೊರುವ ಸೈಕ್ಲಿಕ್ ಎ.ಎಂ.ಪಿ. ಎಂಬ ವಸ್ತುವೊಂದಿದೆ. ಪಾಪಾವೆರಿನ್ ಅದು ನಾಶವಾಗದಂತೆ ಕಾಯುತ್ತದೆ. ಫೋರ್ಸ್ಕೋಲಿನ್ ಅದು ಹೆಚ್ಚು ಹೆಚ್ಚಾಗಿ ಉತ್ಪತ್ತಿಯಾಗುವಂತೆ ಮಾಡುತ್ತದೆ. ಒಂದು ಕೆರೆಯ ತೂಬನ್ನು ಮುಚ್ಚಿದರೆ ಮತ್ತೊಂದು ಕಾಲುವೆಯನ್ನು ತೆರೆಯುತ್ತದೆ. ಎರಡರಿಂದಲೂ ಕೆರೆ ತುಂಬುತ್ತದೆ. 1981ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಇದನ್ನು ಪ್ರಕಟಿಸಿದಂದಿನಿಂದ ಈ ಸತ್ವವು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದಿತು. ಆದರೆ ಅದು ರಕ್ತನಾಳಗಳ ಸ್ನಾಯುವನ್ನೂ ಸಡಿಲಿಸುವ ವಸ್ತುವಾಗಿರುವುದರಿಂದ, ಹೊಟ್ಟೆಶೂಲೆಗೆ ಮನೆಯಲ್ಲಿ ಕೊಡುವ ಮದ್ದೆಂದು ಯಾರೂ ಅದನ್ನು ಭಾವಿಸಬಾರದು.

ಇನ್ನು ಉಳಿದುದು ಮೂರನೆಯ ಪ್ರಶ್ನೆ. ಆ ಹುಡುಗನಿಗೆ ಓಮವೂ ಸಲ್ಲಲಿಲ್ಲ, ಉಮ್ಮತ್ತವೂ ಸಲ್ಲುತ್ತಿರಲಿಲ್ಲ, ಏಕೆ? ಅವನ ನೋವಿಗೆ ಮೂಲವು ಸ್ನಾಯುವಿನ ಬರಿಯ ನುಲಿತವಾಗಿರಲಿಲ್ಲ, ಬಾವು ಆಗಿತ್ತು. ಸ್ನಾಯುವನ್ನು ಸಡಿಲಿಸುವ ಯಾವ ಮದ್ದೂ ಬಾವನ್ನು ಗುಣಪಡಿಸಲಾರದು. ಉಮ್ಮತ್ತವನ್ನು ಕೊಟ್ಟಿದ್ದರೆ ಆಗುತ್ತಿದ್ದುದೇನು? ಹುಡುಗನು ಬಡಬಡಿಸುತ್ತಿದ್ದನು, ಅವನ ನಾಡಿಯು ಓಡುತ್ತಿತ್ತು. ಅದು ರೋಗದ ಲಕ್ಷಣವೋ ಗಿಡದ ಲಕ್ಷಣವೋ ವೈದ್ಯನಿಗೂ ತಿಳಿಯದೆ ಹೋಗುತ್ತಿತ್ತು. ಅಮೂಲ್ಯವಾದ ಕೆಲವು ಗಂಟೆಗಳು ಕಳೆದುಹೋಗುತ್ತಿದ್ದವು. ಲಂಡನ್ನಿನ ಶಸ್ತ್ರವೈದ್ಯ ಜಕಾರಿ ಕೋಪ್ 1921ರಲ್ಲಿ ಹೊಟ್ಟೆಯ ತುರ್ತುರೋಗಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಸೂತ್ರವನ್ನು ಹಾಕಿಕೊಟ್ಟನು. ಅದುವರೆಗೆ ಆರೋಗ್ಯವಾಗಿದ್ದವನಿಗೆ ತೀವ್ರವಾದ ಹೊಟ್ಟೆನೋವು ಬಂದು ಆರು ಗಂಟೆಗಳವರೆಗೆ ನಿಂತರೆ, ಬಹುಪಾಲು ಅದು ಶಸ್ತ್ರವೈದ್ಯನು ನೋಡಬೇಕಾದ ರೋಗವೇ ಆಗಿರುತ್ತದೆ ಎಂಬುದು ಅದರ ತಾತ್ಪರ್ಯ. ಆರು ಗಂಟೆ ಕಾಯಲೇಬೇಕೆಂದು ಇದರ ಅರ್ಥವಲ್ಲ. ಅದಕ್ಕಿಂತ ಹೆಚ್ಚು ಕಾಯಕೂಡದೆಂಬುದೇ ಅರ್ಥ. ನೋವು ಒಂದೆಡೆಗೆ ಸರಿದು ನಿಂತರೆ, ಜ್ವರವಾಗಲಿ ಎಡೆಬಿಡದ ವಾಂತಿಯಾಗಲಿ ಬಂದರೆ, ಹೊಟ್ಟೆಯು ಹಲಗೆಯಂತೆ ಗಟ್ಟಿಯಾದರೆ, ಗಡಿಯಾರವನ್ನು ನೋಡುತ್ತ ಕೂಡುವ ಕಾರಣವೇ ಇಲ್ಲ.

ವಾಚಕ ಮಹಾಶಯರೆ, ಇಷ್ಟು ದೀರ್ಘವಾಗಿ ಈ ಇತಿಹಾಸವನ್ನು ಬರೆದುದಕ್ಕೆ ಕಾರಣವಿದೆ. ಗಿಡಮೂಲಿಕೆಯಿಂದ ಬಂದುದೆಲ್ಲ ನಿರಪಾಯವಾದುದು ಎಂಬ ಮಾತು ಇಂದು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಅಜ್ಜಿಯ ಮದ್ದೆಲ್ಲ ಮೂಢನಂಬಿಕೆ ಎಂಬ ಮಾತೂ ಅಷ್ಟೇ ಜೋರಾಗಿ ಕೇಳಿಬರುತ್ತಿದೆ. ಎರಡೂ ಅರೆನಿಜಗಳೇ. ಓಮ, ಶುಂಠಿ, ಜೀರಿಗೆಗಳು ಅಳತೆ ತುಸು ಹೆಚ್ಚುಕಡಮೆಯಾದರೂ ಕ್ಷಮಿಸುವ ದ್ರವ್ಯಗಳು. ಆದುದರಿಂದಲೇ ಅವು ಮನೆಯಲ್ಲಿ ನಿಂತವು. ಉಮ್ಮತ್ತ, ಖುರಾಸಾನಿ ಅಜವಾನಗಳು ಕ್ಷಮಿಸದ ದ್ರವ್ಯಗಳು. ಅವುಗಳ ಸತ್ವವು ತಕ್ಕಡಿಯನ್ನು ಹಾಯ್ದು, ಪರೀಕ್ಷೆಯನ್ನು ಹಾಯ್ದು, ವೈದ್ಯನ ಕೈಯಿಂದಲೇ ಬರತಕ್ಕದ್ದು. ಹಾಗೆ ಬಂದ ಮಾತ್ರೆಯನ್ನೂ ಕಣ್ಣಿನ ಒತ್ತಡದ ರೋಗವುಳ್ಳವರು, ಮೂತ್ರ ಕಟ್ಟುವ ತೊಂದರೆಯುಳ್ಳ ವೃದ್ಧರು, ಹೃದಯರೋಗಿಗಳು ವೈದ್ಯರನ್ನು ಕೇಳದೆ ನುಂಗಬಾರದು.

ನಮ್ಮ ನಿಲಯದ ಆ ಹಿರಿಯರು ಮಾಗ್ನುಸನನ್ನಾಗಲಿ ಲೋಯಿವಿಯನ್ನಾಗಲಿ ಬಲ್ಲವರಲ್ಲ. ಆದರೆ ತಮ್ಮ ಮದ್ದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಇನ್ನೂರು ವರ್ಷಗಳ ವಿಜ್ಞಾನವು ನಮಗೆ ಕಲಿಸಿಕೊಟ್ಟುದು ಕೂಡ ಬಹುಮಟ್ಟಿಗೆ ಇದನ್ನೇ. ತಮ್ಮ ಮನೆಯಲ್ಲಿ ಮಗುವೊಂದು ರಾತ್ರಿ ಹೊಟ್ಟೆ ಹಿಡಿದುಕೊಂಡು ಎದ್ದರೆ, ಓಮವ ಕೊಡಿರಿ, ಬಿಸಿನೀರು ಕುಡಿಸಿರಿ, ಪಕ್ಕದಲ್ಲಿ ಕುಳಿತು ನೋಡುತ್ತಿರಿ. ಇಳಿಯದಿದ್ದರೆ ಮತ್ತೊಂದು ಗಿಡವನ್ನು ಹುಡುಕಬೇಡಿರಿ, ಗಾಡಿ ಕಟ್ಟಿರಿ.